ಟಾಕೀಸಿನ ಗೇಟಿನಲ್ಲಿ ಕೇಳಿದ ಚಂದ್ರಲೋಕ

ರಾಮನಗರದ ಒಂದು ಹಳೇ ಟಾಕೀಸಿಗೆ ನಾನು ಮ್ಯಾನೇಜರು. ಮ್ಯಾನೇಜರು ಅಂದರೆ ಟಿಕೆಟ್ ಹರಿಯುವವನೂ ನಾನೇ, ಟಾರ್ಚ್ ಹಿಡಿಯುವವನೂ ನಾನೇ, ಬಾಲ್ಕನಿಗೆ ನುಗ್ಗಿದ ಬೆಕ್ಕು ಓಡಿಸುವವನೂ ನಾನೇ. ಈ ಕೆಲಸದಲ್ಲಿ ಕೇಳದೆ ಸಿಗುವ ವಸ್ತು ಎರಡು. ಒಂದು ಸೊಳ್ಳೆ ಕಡಿತ, ಇನ್ನೊಂದು ಜನರ ಅಭಿಪ್ರಾಯ. ಸೊಳ್ಳೆಗಾದರೂ ಬತ್ತಿ ಹಚ್ಚಿ ಪಾರಾಗಬಹುದು. ಪಿಚ್ಚರ್ ಬಿಟ್ಟ ಮೇಲೆ ಗೇಟಿಗೆ ಬರುವ ಜನರಿಂದ ಪಾರಾಗುವ ದಾರಿ ಇಷ್ಟು ವರ್ಷವಾದರೂ ನನಗೆ ಸಿಕ್ಕಿಲ್ಲ. ಸಿಗದೇ ಇದ್ದದ್ದೇ ಒಳ್ಳೇದಾಯಿತು ಅಂತ ಈಚೆಗೆ ಅನ್ನಿಸುತ್ತಿದೆ.

ನಮ್ಮ ದೇಶದವರು ಚಂದ್ರನ ಮೇಲೆ ನೌಕೆ ಇಳಿಸಿದ ಮೇಲೆ ನಮ್ಮ ಮಾಲೀಕರ ತಲೆಗೆ ಒಂದು ಹುಳ ಹೊಕ್ಕಿತು. ಎಲ್ಲಿಂದಲೋ ಒಂದು ಹಳೇ ಹಾಸ್ಯ ಚಿತ್ರ ಹುಡುಕಿ ತಂದರು. ನಾನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದ್ದು. ಅಮೆರಿಕದವರೂ ರಷ್ಯಾದವರೂ ಚಂದ್ರಲೋಕಕ್ಕೆ ಪೈಪೋಟಿ ಮಾಡುತ್ತಿದ್ದಾರೆ ಅಂತ ರೇಡಿಯೋದಲ್ಲಿ ಕೇಳಿದ ಇಬ್ಬರು ಪಟೇಲರು, ಅಕ್ಕಪಕ್ಕದ ಊರಿನವರು, ಆ ಎರಡೂ ದೇಶದವರಿಗಿಂತ ಮೊದಲು ನಾವು ಹೋಗೋಣ ಅಂತ ಜಿದ್ದಿಗೆ ಬಿದ್ದು ರಾಕೆಟ್ ಕಟ್ಟುವ ಕತೆ. ರಾಕೆಟ್ಟು ತಗಡಿನದು. ನಾಯಕಿ ಚಂದ್ರನ ಮೇಲೆ ಇಳಿದ ತಕ್ಷಣ ಬೇರೆ ಸೀರೆ ಉಟ್ಟು ಕುಣಿಯುತ್ತಾಳೆ. ನಗಿಸುವ ಮಾತುಗಳೆಲ್ಲ ಹಳಸಿಹೋಗಿವೆ. ಹೆಸರು ಹೇಳುವುದು ಬೇಡ ಬಿಡಿ, ತೆಗೆದವರ ಮಕ್ಕಳು ಎಲ್ಲಾದರೂ ಇದ್ದರೆ ನೊಂದುಕೊಳ್ಳುತ್ತಾರೆ.

"ಗೇಟಲ್ಲಿ ನಿಂತು ಜನ ಏನಂತಾರೆ ಕೇಳು. ಚೆನ್ನಾಗಿಲ್ಲ ಅಂದ್ರೆ ಮಧ್ಯದಲ್ಲೇ ಎತ್ತಾಕ್‌ಬುಡಾನ," ಅಂದರು ಮಾಲೀಕರು.

ಎತ್ತಿಹಾಕಿದರೆ ನನಗೇನೂ ನಷ್ಟವಿರಲಿಲ್ಲ. ನಷ್ಟವಿದ್ದದ್ದು ನಮ್ಮ ಸೋದರಮಾವನಿಗೆ.

ಮಾವ ಹೋಗಿಬಂದ ಕತೆ

ನಮ್ಮ ಮಾವ ರೇಷ್ಮೆ ಬೆಳೆಗಾರ. ಇಲ್ಲೇ ರಾಮನಗರದ ಬೆಟ್ಟದ ಬುಡದಲ್ಲಿ ಅವರ ಊರು. ಎಡಗಾಲಿನಲ್ಲಿ ಆರು ಬೆರಳು, ಹಾಗಾಗಿ ಅಂಗಡಿಯ ಯಾವ ಚಪ್ಪಲಿಯೂ ಆಗದೆ ಈಗಲೂ ಟೈರಿನ ಚಪ್ಪಲಿ ಹೊಲಿಸಿಕೊಂಡೇ ಮೆಟ್ಟುತ್ತಾರೆ. ವಯಸ್ಸಿನಲ್ಲಿದ್ದಾಗ ಒಂದು ದಿನ ಬೆಳಗ್ಗೆ ಮನೆಯಿಂದ ಹೊರಟವರು ದೀಪ ಹಚ್ಚುವ ಹೊತ್ತಿಗೆ ಕುಂಟಿಕೊಂಡು ಬಂದರಂತೆ. ಎಲ್ಲಿಗೆ ಹೋಗಿದ್ರಿ ಅಂತ ಅತ್ತೆ ಕೇಳಿದರೆ, "ಚಂದ್ರಲೋಕಕ್ಕೆ," ಅಂದರಂತೆ.

ನಡೆದದ್ದು ಇಷ್ಟು. ಬೆಟ್ಟದ ಬಂಡೆಗಳನ್ನೇ ಚಂದ್ರಲೋಕ ಮಾಡಿಕೊಂಡು ಇದೇ ಚಿತ್ರ ತೆಗೆಯಲು ಸಿನಿಮಾದವರು ಬಂದಿದ್ದರು. ದಾರಿಯಲ್ಲಿ ಸಿಕ್ಕ ಮಾವನಿಗೆ ಹೊಳೆಯುವ ಅಂಗಿ, ಬೂಟು, ತಲೆಗೆ ಬೋಗುಣಿಯಂಥದ್ದು ಹಾಕಿ, ಇನ್ನಿಬ್ಬರ ಜೊತೆ ಬಂಡೆ ಹತ್ತಿಸಿದರು. ಮಾವ ಇದನ್ನೆಲ್ಲ ವಿವರಿಸಿ ಹೇಳಿದರು. ಅತ್ತೆ ಒಂದು ಮಾತೂ ನಂಬಲಿಲ್ಲ.

ಅತ್ತೆಯ ಸಿಟ್ಟಿಗೆ ಕಾರಣ ಬೇರೆ. ಅವತ್ತು ಮನೆಯಲ್ಲಿ ಹುಳ ಹಣ್ಣಾಗಿತ್ತು. ರೇಷ್ಮೆ ಹುಳ ಹಣ್ಣಾದ ದಿನ ಬೆಳೆಗಾರರ ಮನೆಯಲ್ಲಿ ಸತ್ತ ಸುದ್ದಿ ಬಂದರೂ ಯಾರೂ ಏಳುವುದಿಲ್ಲ. ಎಲ್ಲರೂ ಕೂತು ಹುಳ ಆರಿಸಿ ಗೂಡು ಕಟ್ಟಲು ಬಿಡಬೇಕು. ಅತ್ತೆ ಒಬ್ಬರೇ ಕಂಕುಳಲ್ಲಿ ಕೂಸು ಇಟ್ಟುಕೊಂಡು ಅಷ್ಟೂ ಹುಳ ಆರಿಸಿದ್ದರು. ಗಂಡ ಇಸ್ಪೀಟಿಗೇ ಹೋಗಿದ್ದು ಅಂತ ಅವರ ತೀರ್ಮಾನ. ಆ ಚಿತ್ರವಾದರೂ ನಮ್ಮೂರಿಗೆ ಬಂದಿದ್ದರೆ ಒಂದು ಮಾತು. ಬೆಂಗಳೂರಿನಲ್ಲೇ ಮಕಾಡೆ ಮಲಗಿತು. ಅಲ್ಲಿಂದ ಇಲ್ಲಿಯವರೆಗೆ ಮನೆಯಲ್ಲಿ ಉಪ್ಪು ತರುವುದು ಮರೆತರೂ ಸೈ, ಮೊಮ್ಮಗಳ ಮದುವೆಗೆ ತಡವಾಗಿ ಬಂದರೂ ಸೈ, ಅತ್ತೆಯದು ಒಂದೇ ಮಾತು: "ಹೋಗಿದ್ರೇನೋ, ಚಂದ್ರಲೋಕಕ್ಕೆ!"

ಪಿಚ್ಚರ್ ಬಂದಿದೆ ಅಂತ ಫೋನ್ ಮಾಡಿದಾಗ ಮಾವ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. "ಸಾಯೋದ್ರೊಳ್ಗೆ ಅವ್ಳ ಬಾಯಲ್ಲಿ ಒಂದೇ ಒಂದ್ಸಲ ನಿಜ ಅನ್ನುಸ್‌ಬುಟ್ರೆ ಸಾಕು ಕಣ್ಲಾ ಮಗ."

ಶುಕ್ರವಾರ ಮೊದಲ ಆಟಕ್ಕೇ ಬಂದರು, ಇಸ್ತ್ರಿ ಮಾಡಿದ ಪಂಚೆ ಉಟ್ಟುಕೊಂಡು. ಕಣ್ಣಿಗೆ ಪೊರೆ ಬಂದಿದೆ ಅಂತ ಮುಂದಿನ ಸಾಲಿನಲ್ಲೇ ಕೂರಿಸಿದೆ. ಆಟ ಬಿಟ್ಟ ಮೇಲೆ ಎಲ್ಲರೂ ಹೋದರೂ ಮಾವ ಎದ್ದಿರಲಿಲ್ಲ.

"ಕಾಣುಸ್ತಾ ಮಾವ?"

"ಮೂರು ಬೋಗುಣಿ ಕಾಣುಸ್ತು ಕಣ್ಲಾ," ಅಂದರು ಮಾವ. "ಅದ್ರಲ್ಲಿ ನಾನ್ಯಾವನು ಅಂತ ನಂಗೇ ಗೊತ್ತಾಗ್ಲಿಲ್ಲ!"

ಬಂಡೆಯ ವಾರಸುದಾರರು

ಶನಿವಾರದಿಂದ ಅಭಿಪ್ರಾಯ ಶುರುವಾಯಿತು. ಅಬ್ಬಬ್ಬಾ, ಆ ಚಿತ್ರದ ಬಗ್ಗೆ ಒಬ್ಬರಾದರೂ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ನೇರವಾಗಿ ಹೇಳಿದ್ದರೆ ಕೇಳಿ!

ಮೊದಲು ಬಂದವರು ಇಬ್ಬರು ಗೌಡರು, ಒಬ್ಬರು ಮಾಗಡಿ ಕಡೆಯವರು, ಇನ್ನೊಬ್ಬರು ಕನಕಪುರದವರು. ಒಳಗಿಂದಲೇ ಜಗಳ ಆಡಿಕೊಂಡು ಬಂದರು.

"ಅದು ನಮ್ಮ ಕಡೆ ಬಂಡೆ ಕಣಯ್ಯ. ನಮ್ಮಪ್ಪ ಮೇಕೆ ಮೇಯ್ಸಿರೋ ಜಾಗ ನಂಗೊತ್ತಾಗಲ್ವಾ?"

"ನಿಮ್ಮ ಕಡೆ ಬಂಡೆಗೆ ಅಷ್ಟು ನುಣುಪು ಎಲ್ಲೈತೆ? ಅದು ನಮ್ದು."

ನಾನು ಮಧ್ಯೆ ಬಾಯಿ ಹಾಕಿ, ಅದು ಇಬ್ಬರದೂ ಅಲ್ಲ, ಇಲ್ಲೇ ರಾಮನಗರದ ಬೆಟ್ಟ ಅಂದೆ. ಇಬ್ಬರೂ ಒಂದಾಗಿ ನನ್ನ ಮೇಲೆ ಬಿದ್ದರು. ಅಷ್ಟರಲ್ಲಿ ಒಬ್ಬ ಹುಡುಗ ಮೊಬೈಲಿನಲ್ಲಿ ನಮ್ಮ ನೌಕೆ ತೆಗೆದ ನಿಜವಾದ ಚಂದ್ರನ ಫೋಟೋ ತೋರಿಸಿ, ಚಂದ್ರ ಇರೋದು ಹೀಗೆ, ನಿಮ್ಮ ಬಂಡೆ ಥರ ಅಲ್ಲ ಅಂದ.

ಗೌಡರಿಬ್ಬರೂ ಜಗಳ ಬಿಟ್ಟು ಫೋಟೋದ ಮೇಲೆ ಬಗ್ಗಿದರು. ಅಷ್ಟು ದೂರದ ಮಣ್ಣು ಅಂಗೈಯಲ್ಲಿ ಬಂದು ಕೂತಿತ್ತು. ಮಾಗಡಿಯವರು ಹೆಗಲ ಮೇಲಿನ ಟವೆಲ್ಲು ತೆಗೆದು ಕೈಗೆ ಹಾಕಿಕೊಂಡರು, ದೊಡ್ಡವರ ಮುಂದೆ ನಿಂತಾಗ ಮಾಡುವ ಹಾಗೆ. ಕನಕಪುರದವರು ಮಾತ್ರ ಸಾವಕಾಶವಾಗಿ ನೋಡಿ ಮೊಬೈಲು ವಾಪಸು ಕೊಟ್ಟರು.

"ಪಾಪ, ಅಷ್ಟ್ ದೂರ ಹೋಗವ್ರೆ, ಬರೀ ಧೂಳು. ಮುಂದ್ಲ ಸಲ ಇಲ್ಲೇ ಇಳೀರಿ ಅನ್ನಿ. ಬಂಡೇನೂ ಚೆನ್ನಾಗೈತೆ, ವಾಪಸ್ ಹೋಗಕ್ಕೆ ಬಸ್ಸೂ ಸಿಗ್ತದೆ."

ಗೂಡು ಬಿಡಿಸಲಿಲ್ಲ

ಭಾನುವಾರ ಮ್ಯಾಟ್ನಿಗೆ ಗೂಡಿನ ಮಾರುಕಟ್ಟೆಯಿಂದ ಒಂದು ಗುಂಪು ಬಂತು. ಬೆಳಗ್ಗೆ ಗೂಡು ಮಾರಿ ಊಟ ಮುಗಿಸಿ, ಬಸ್ಸಿಗೆ ಹೊತ್ತಿದೆ ಅಂತ ಬಂದವರು. ಒಳಗೆ ಇದ್ದಕ್ಕಿದ್ದಂತೆ ಗಲಾಟೆ ಎದ್ದಿತು. ಬೆಂಕಿ ಬಿತ್ತೇನೋ ಅಂತ ನಾನು ಓಡಿದೆ.

ಪರದೆಯ ಮೇಲೆ ರಾಕೆಟ್ಟಿನ ಒಳಭಾಗ. ವಿಜ್ಞಾನಿ ಪಾತ್ರದವನ ಹಿಂದೆ ಸಣ್ಣ ಬಲ್ಬುಗಳು ಮಿಣಮಿಣ ಅನ್ನುವ ದೊಡ್ಡ ಯಂತ್ರ. ಯಂತ್ರ ಎಲ್ಲಿಂದ ಬರಬೇಕು? ಹುಳ ಗೂಡು ಕಟ್ಟಲು ಬಿಡುತ್ತೇವಲ್ಲ, ಸುತ್ತುಸುತ್ತಾಗಿ ಬಿದಿರ ಪಟ್ಟಿ ಹೆಣೆದ ಚಂದ್ರಂಕಿ, ಅದನ್ನೇ ಯಾರದೋ ಮನೆಯಿಂದ ತಂದು ಬಲ್ಬು ಸಿಕ್ಕಿಸಿದ್ದಾರೆ. ಬೇರೆ ಊರಿನವರಿಗೆ ಅದು ಯಂತ್ರವಾಗಿ ಕಂಡೀತು. ನಮ್ಮವರ ಕಣ್ಣಿಗೆ ಬಿದ್ದದ್ದು ಅದರ ಮೂಲೆಯಲ್ಲಿ ಬಿಡಿಸದೆ ಉಳಿದಿದ್ದ ಒಂದು ಹಿಡಿ ಗೂಡು.

"ಲೇ, ಗೂಡು ಬುಡುಸ್ರೋ! ಚಿಟ್ಟೆ ಆಗಿ ತೂತು ಮಾಡ್ಬುಟ್ರೆ ನೂಲು ಹಾಳಾಗೋಯ್ತದೆ!"

"ರಾಕೆಟ್ ಆಮೇಲ್ ಬುಡಿವಂತೆ, ಮೊದ್ಲು ಗೂಡು ತಗಿಯಯ್ಯ!"

ಪರದೆಯ ಮೇಲೆ ಎಣಿಕೆ ಶುರುವಾಯಿತು. ಹತ್ತು, ಒಂಬತ್ತು, ಎಂಟು. ಅಷ್ಟೂ ಬೆಳೆಗಾರರು ಸೀಟಿನ ತುದಿಗೆ ಬಂದರು. ಚಿತ್ರ ತೆಗೆದವರು ಬದುಕಿದ್ದರೆ ಖುಷಿಯಿಂದ ಅತ್ತುಬಿಡುತ್ತಿದ್ದರು. ರಾಕೆಟ್ಟು ಹಾರಿತು, ಗೂಡೂ ಅದರ ಜೊತೆಗೇ ಹೋಯಿತು.

ಗೇಟಿನಲ್ಲಿ ಅವರ ಹಿರಿಯನನ್ನು ಕೇಳಿದೆ, "ಹೆಂಗಿತ್ತಣ್ಣ?"

"ಪಿಚ್ಚರ್ ಏನೋ ಪರ್ವಾಗಿಲ್ಲ ಕಣಪ್ಪ," ಅಂತ ಅವರು ನಿಟ್ಟುಸಿರು ಬಿಟ್ಟರು. "ಆದ್ರೆ ಒಂದ್ ಬೆಳೆ ಅನ್ಯಾಯವಾಗಿ ಆಕಾಶಕ್ಕೋಯ್ತು."

ಬಣ್ಣ ಬಿಡದ ರಾಕೆಟ್ಟು

ಸೋಮವಾರ ಚನ್ನಪಟ್ಟಣದಿಂದ ಬೊಂಬೆ ಮಾಡುವ ಒಂದು ಕುಟುಂಬ ಬಂತು, ಅಜ್ಜನಿಂದ ಮೊಮ್ಮಗುವರೆಗೆ. ರಾಕೆಟ್ಟು ಆಕಾಶದಲ್ಲಿ ಹಾರುವುದನ್ನು ತೋರಿಸಲು ಸಿನಿಮಾದವರು ಮರದ ಬೊಂಬೆ ರಾಕೆಟ್ಟಿಗೆ ದಾರ ಕಟ್ಟಿ ಎಳೆದಿದ್ದಾರೆ. ದಾರವೂ ಕಾಣುತ್ತದೆ, ಎಳೆಯುವವನ ಬೆರಳೂ ಒಮ್ಮೆ ಕಾಣುತ್ತದೆ. ಬೇರೆಯವರೆಲ್ಲ ಅಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ಈ ಮನೆಯವರು ನಗಲಿಲ್ಲ. ಅಜ್ಜ ಎದ್ದು ನಿಂತೇ ನೋಡಿದರಂತೆ.

ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು. "ಹಾಲೆ ಮರ ಸಾರ್, ನಮ್ಮ ಬೀದೀಲೇ ಲೇತಿಗೆ ಹಾಕಿ ತಿರುಗಿಸಿರೋದು. ಯಾರ ಕೈಯೋ, ಎಂಥಾ ಕೈಯೋ!" ಅವರ ಕಣ್ಣು ಒದ್ದೆಯಾಗಿತ್ತು.

"ಹಾಗಾದ್ರೆ ಪಿಚ್ಚರ್ ಹಿಡಿಸ್ತು?"

"ಕತೆ ನನಗೆ ತಿಳೀಲಿಲ್ಲ ಸಾರ್. ಆದ್ರೆ ಬೊಂಬೆಗೆ ಬಳಿದಿರೋ ಅರಗು ನೋಡಿ! ಸೂರ್ಯನ ಪಕ್ಕದಲ್ಲೇ ಹೋಯ್ತು, ಒಂದು ಚೂರು ಬಣ್ಣ ಬಿಡಲಿಲ್ಲ!"

ಭಕ್ತಿ ಪಿಚ್ಚರ್

ಮಂಗಳವಾರ ಎಡವಟ್ಟಾಯಿತು. ಮಗಳ ಮನೆಗೆ ಬಂದಿದ್ದ ಸೋಲೂರಿನ ಒಬ್ಬ ಅಜ್ಜಿ ಆಟ ಬಿಟ್ಟ ಮೇಲೆ ಬರಿಗಾಲಲ್ಲಿ ಗೇಟಿಗೆ ಬಂದು ಚಪ್ಪಲಿ ಕಾಣುತ್ತಿಲ್ಲ ಅಂದರು.

"ಟಾಕೀಸಿನೊಳಗೆ ಚಪ್ಪಲಿ ಯಾಕೆ ಬಿಟ್ರಿ ಅಜ್ಜಿ?"

"ಅವ್ನು ಬುಟ್ನಲ್ಲಪ್ಪ! ಚಂದ್ರಲೋಕ ಹತ್ತುವಾಗ ಕೊನೇಲಿ ಬಂದೋನು ಬೂಟು ಕಳಚಿಟ್ಟು, ಬಂಡೆ ಮುಟ್ಟಿ ಕಣ್ಣಿಗೆ ಒತ್ಕಂಡು ಹತ್ತುದ್ನಲ್ಲ. ನಾನು ಚಪ್ಪಲಿ ಹಾಕ್ಕಂಡು ಕುಂತಿದ್ರೆ ಚೆಂದವಾ? ಇಂಥಾ ಭಕ್ತಿ ಪಿಚ್ಚರ್ ನಾನು ನೋಡಿಲ್ಲ ಕಣಪ್ಪ."

ಚಪ್ಪಲಿ ಮೂರು ಸಾಲು ಕೆಳಗೆ ಜಾರಿಹೋಗಿತ್ತು. ಹುಡುಕಿ ಕೊಟ್ಟೆ. ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಅಜ್ಜಿ ಬಸ್‌ಸ್ಟ್ಯಾಂಡು ತಲುಪುವಷ್ಟರಲ್ಲಿ ಅರ್ಧ ಜಿಲ್ಲೆಗೆ ಹೇಳಿದ್ದರು ಅಂತ ಕಾಣುತ್ತದೆ. ಬುಧವಾರ ಬಾಲ್ಕನಿ ತುಂಬ ಹೆಂಗಸರು. ಕೊನೆಯಲ್ಲಿ ಚಂದ್ರಲೋಕ ಬಂತು ಅನ್ನುವುದು ನನಗೆ ಹೊರಗೇ ತಿಳಿಯುತ್ತಿತ್ತು, ಒಳಗಿಂದ ಟಪಟಪ ಅಂತ ಚಪ್ಪಲಿ ಕಳಚುವ ಸದ್ದು. ಎಂಥಾ ತಗಡು ಚಿತ್ರದ ಮುಂದೆ ಎಂಥಾ ಜನ ಕೈ ಮುಗಿದು ಕೂತಿದ್ದಾರಪ್ಪ ಅಂತ ನಾನು ಬೆರಗಾಗಿ ನಿಂತುಬಿಟ್ಟೆ.

ಅದೇ ಆಟ ನೋಡಿದ ಕಾಲೇಜು ಹುಡುಗನೊಬ್ಬ ಗೇಟಿನಲ್ಲಿ ನಿಂತು ಮೊಬೈಲಿಗೆ ಭಾಷಣ ಮಾಡುತ್ತಿದ್ದ. "ಆ ಬೂಟು ಬಿಚ್ಚೋ ಶಾಟ್ ಇದೆಯಲ್ಲ, ಅದರಲ್ಲಿ ನಿರ್ದೇಶಕರು ಎಂಥಾ ಮಾತು ಹೇಳಿದ್ದಾರೆ ಗೊತ್ತಾ? ಭೂಮಿಯ ಕೊಳೆಯನ್ನ ಚಂದ್ರನಿಗೆ ಒಯ್ಯಬೇಡಿ ಅಂತ!" ಎಷ್ಟು ಚೆನ್ನಾಗಿ ಹೇಳಿದ ಅಂತೀರಿ. ನನಗೆ ಅದೂ ನಿಜ ಅನ್ನಿಸಿತು. ಅವನ ಪಕ್ಕದಲ್ಲಿ ಇಬ್ಬರು ಹೆಂಗಸರು ಚಪ್ಪಲಿ ಅದಲುಬದಲಾಗಿದೆ ಅಂತ ಹೊಡೆದಾಡುತ್ತಿದ್ದರು.

ಮಾಲೀಕರು ಗೇಟಿನ ಪಕ್ಕ ಬಿದ್ದಿದ್ದ ಒಂಟಿ ಚಪ್ಪಲಿಗಳ ರಾಶಿ ನೋಡಿ ಗಾಬರಿಯಾದರು. "ಏನಯ್ಯಾ ಇದು? ಜನ ಪಿಚ್ಚರ್‌ಗೆ ಚಪ್ಪಲೀಲಿ ಹೊಡುದ್ರಾ?"

ಗುರುವಾರದ ಕಡೇ ಆಟ

ಗುರುವಾರ ಕೊನೆಯ ದಿನ. ಮರುದಿನ ಬೇರೆ ಚಿತ್ರ ಅಂತ ಹಳೇದರ ಮೇಲೆ ಆಗಲೇ ಪೋಸ್ಟರ್ ಅಂಟಿಸಿ ಆಗಿತ್ತು. ಮಾವ ಪ್ರತಿ ದಿನ ಬಂದು ಮುಂದಿನ ಸಾಲಿನಲ್ಲಿ ಕೂತು ಬೋಗುಣಿಗಳನ್ನೇ ದಿಟ್ಟಿಸಿ, ಪೊರೆಗಣ್ಣಿಗೆ ಅವುಗಳ ಹೊಳಪು ಬಿಟ್ಟು ಬೇರೇನೂ ಕಾಣದೆ ಸೋತು ಹೋಗುತ್ತಿದ್ದರು. ಮನೆಯಲ್ಲಿ ಅತ್ತೆಯ ಮುಂದೆ ವಿಷಯ ಎತ್ತಿದರೆ, "ನಿಮ್ ಸುಳ್ಳಿಗೆ ನಾನು ಟಿಕೆಟ್ ಬೇರೆ ತಗೀಬೇಕಾ?" ಅಂತ ಬಾಯಿ ಮುಚ್ಚಿಸಿದ್ದರಂತೆ.

"ಹೋಗ್ಲಿ ಬುಡ್ಲಾ," ಅಂದರು ಮಾವ ಅವತ್ತು ಮಧ್ಯಾಹ್ನ. "ನಂಗೇ ಈಗ ಅನುಮಾನ. ಇಸ್ಪೀಟಿಗೇ ಹೋಗಿದ್ನೋ ಏನೋ."

ಸುಳ್ಳುಗಾರ ಅನ್ನಿಸಿಕೊಂಡು ಅನ್ನಿಸಿಕೊಂಡು ಮನುಷ್ಯ ಸ್ವಂತ ನೆನಪನ್ನೇ ಬಿಟ್ಟುಕೊಡುವ ಹಾಗಾಗಿದ್ದರು.

ಕಡೇ ಆಟಕ್ಕೆ ಮಾವ ಒಳಗೆ ಹೋಗಿ ಕೂತ ಮೇಲೆ ಗೇಟಿನ ಮುಂದೆ ಒಂದು ಟೆಂಪೋ ನಿಂತಿತು. ಮಾವನ ಊರಿನ ಹೆಂಗಸರ ದಂಡು ಇಳಿಯಿತು. ಒಬ್ಬರ ಕೈಯಲ್ಲಿ ತೆಂಗಿನಕಾಯಿ, ಒಬ್ಬರ ಕೈಯಲ್ಲಿ ಹೂವು. ಆ ದಂಡಿನ ನಡುವೆ ನಮ್ಮ ಅತ್ತೆ!

"ಯಾವ್ದೋ ಭಕ್ತಿ ಪಿಚ್ಚರ್ ಅಂತಲ್ಲಪ್ಪ," ಅಂದರು ಅತ್ತೆ. "ಚಪ್ಪಲಿ ಬುಟ್ಟು ನೋಡ್ಬೇಕಂತೆ. ಎಲ್ರೂ ಹೊಂಟ್ರು, ನಾನೂ ಬಂದೆ."

ಸೋಲೂರಿನ ಅಜ್ಜಿಗೆ ಮನಸ್ಸಿನಲ್ಲೇ ಅಡ್ಡಬಿದ್ದು, ಯಾವ ಚಿತ್ರ ಅಂತ ಬಾಯಿಬಿಡದೆ ಅತ್ತೆಯನ್ನು ಬಾಲ್ಕನಿಗೆ ಹತ್ತಿಸಿದೆ. ಮಾವ ಕೆಳಗೆ ಮುಂದಿನ ಸಾಲಿನಲ್ಲಿ. ಅತ್ತೆ ಬಂದದ್ದು ಅವರಿಗೆ ಗೊತ್ತಿಲ್ಲ, ಅವರಿರುವುದು ಅತ್ತೆಗೆ ಗೊತ್ತಿಲ್ಲ. ಚಪ್ಪಲಿ ಗಲಾಟೆ ಬೇಡ ಅಂತ ಕೊನೆಯ ಹೊತ್ತಿಗೆ ನಾನೇ ಟಾರ್ಚ್ ಹಿಡಿದು ಬಾಲ್ಕನಿಯಲ್ಲಿ ನಿಂತೆ. ಇಷ್ಟು ದಿನ ಆ ಭಾಗವನ್ನು ನಾನು ಕಿವಿಯಲ್ಲಿ ಕೇಳಿದ್ದೆನೇ ಹೊರತು ಕಣ್ಣಲ್ಲಿ ನೋಡಿರಲಿಲ್ಲ. ಗೇಟಿನವನಿಗೆ ಪಿಚ್ಚರ್ ನೋಡಲು ಬಿಡುವೆಲ್ಲಿ?

ಚಂದ್ರಲೋಕ ಬಂತು. ನಮ್ಮ ಬೆಟ್ಟದ ಬಂಡೆ, ಮೇಲೆ ಕಪ್ಪು ಆಕಾಶ. ಮೂರು ಬೋಗುಣಿ ತಲೆಗಳು ಸಾಲಾಗಿ ನಡೆದು ಬಂದವು. ಮೊದಲಿನವನು ಹತ್ತಿದ. ಎರಡನೆಯವನು ಹತ್ತಿದ. ಮೂರನೆಯವನು ನಿಂತ, ಕೂತ. ಬೂಟು ಎರಡನ್ನೂ ಕಳಚಿ, ದೇವಸ್ಥಾನದ ಮೆಟ್ಟಿಲ ಪಕ್ಕ ಇಡುವ ಹಾಗೆ ಜೋಡಿಸಿ ಇಟ್ಟ. ಬಾಲ್ಕನಿಯಲ್ಲಿ ಟಪಟಪ ಚಪ್ಪಲಿ ಕಳಚಿದವು. ಅವನು ಬಂಡೆ ಮುಟ್ಟಿ ಕೈಯನ್ನು ಬೋಗುಣಿಗೆ ಒತ್ತಿಕೊಂಡು, ಎಡಗಾಲು ಎತ್ತಿ ಬಂಡೆಯ ಮೇಲಿಟ್ಟ. ಕ್ಯಾಮೆರಾ ನೆಲದಲ್ಲೇ ಇಟ್ಟಿದ್ದರೋ ಏನೋ, ಪರದೆ ತುಂಬ ಬರೀ ಪಾದ. ಬೆರಳು ಒಂದು, ಎರಡು, ಮೂರು, ನಾಲ್ಕು, ಐದು.

ಆರು.

"ಅಯ್ಯಯ್ಯೋ!" ಅಂತ ಅತ್ತೆ ಕೂಗಿದ ರಭಸಕ್ಕೆ ನನ್ನ ಟಾರ್ಚು ಕೈಜಾರಿ ಬಿತ್ತು. "ನಮ್ಮನೆಯವ್ರ ಕಾಲು ಕಣ್ರವ್ವಾ!"

"ಎಲ್ಲಿ? ಯಾವ್ದು?"

"ಅದೇ! ಧಾರೆ ದಿನ ತಲೆ ಬಗ್ಗುಸ್ಕಂಡು ಕುಂತಿದ್ದೋಳು, ಮೊಕ ನೋಡಕ್ಕೂ ಮುಂಚೆ ಆ ಕಾಲು ನೋಡಿದ್ದೀನಿ. ನಂಗೊತ್ತಾಗಲ್ವಾ?"

ನಾನು ಆಪರೇಟರಿಗೆ ಕೂಗಿದೆ. ಅವನು ಚಿತ್ರ ಅಲ್ಲೇ ನಿಲ್ಲಿಸಿ ದೀಪ ಹಾಕಿದ. ಪರದೆಯ ಮೇಲೆ ಆನೆ ಗಾತ್ರದ ಪಾದ ಹಾಗೇ ನಿಂತಿತ್ತು. ಅದರ ಕೆಳಗೆ ಮಾವ ಎದ್ದು ನಿಂತು, ಪೊರೆಗಣ್ಣು ಕಿರಿದು ಮಾಡಿಕೊಂಡು ಸುತ್ತ ನೋಡುತ್ತಿದ್ದರು. "ಏನ್ಲಾ ಆಯ್ತು? ಕರೆಂಟ್ ಹೋಯ್ತಾ?"

ಅತ್ತೆ ಮೆಟ್ಟಿಲು ಇಳಿದು ಬರಿಗಾಲಲ್ಲೇ ನಡೆದು ಬಂದರು. ಟಾಕೀಸಿಗೆ ಟಾಕೀಸೇ ಅವರ ಹಿಂದೆ ಬಂತು. ಮಾವ ಅವರನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು. ಯಾರೋ "ತಾತ, ಕಾಲು ತೋರ್ಸು!" ಅಂದರು. ಮಾವ ಟೈರಿನ ಚಪ್ಪಲಿ ಬಿಟ್ಟು ಎಡಗಾಲನ್ನು ಕುರ್ಚಿಯ ಮೇಲಿಟ್ಟರು. ಜನ ಪರದೆ ನೋಡಿದರು, ಕಾಲು ನೋಡಿದರು. ಮತ್ತೆ ಪರದೆ, ಮತ್ತೆ ಕಾಲು. ಆಮೇಲೆ ಬಿದ್ದ ಶಿಳ್ಳೆ, ಚಪ್ಪಾಳೆ ಆ ಟಾಕೀಸಿನಲ್ಲಿ ಯಾವ ಹೀರೋಗೂ ಬಿದ್ದಿಲ್ಲ.

"ಬೂಟ್ ಯಾಕ್ ಕಳಚುದ್ರಿ ಮಾವ?" ಅಂತ ಕೇಳಿದೆ.

"ಇದೇನ್ಲಾ ಹಿಂಗ್ ಕೇಳ್ತೀಯ?" ಅಂತ ನನ್ನನ್ನೇ ಗದರಿದರು. "ಅದು ದೇವ್ರ ಬಂಡೆ. ಚಂದ್ರಲೋಕ ಆಗ್ಬುಟ್ರೆ ಬೂಟ್ ಹಾಕ್ಕಂಡು ಹತ್ತಕ್ಕಾದದಾ?"

ಅತ್ತೆ ಕುರ್ಚಿಯ ಪಕ್ಕದಲ್ಲೇ ನಿಂತಿದ್ದರು. ಪರದೆಯ ಕಡೆಗೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ತುಂಬಿತ್ತು.

"ನಿಜ," ಅಂದರು ಅತ್ತೆ. ಅಷ್ಟು ವರ್ಷ ಕಾದಿದ್ದ ಮಾತು ಬಂದೇ ಬಿಟ್ಟಿತು. ಮಾವ ದೊಪ್ಪನೆ ಕುರ್ಚಿಯಲ್ಲಿ ಕೂತುಬಿಟ್ಟರು. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು.

ಅತ್ತೆ ಬಗ್ಗಿ ಆ ಪಾದವನ್ನು ಒಮ್ಮೆ ಮುಟ್ಟಿದರು. "ಆವತ್ತು ಸಾಯಂಕಾಲ ಕುಂಟ್ಕಂಡು ಬಂದ್ರಲ್ಲ. ಈ ಕಾಲಿಂದ ನಾನೇ ಒಂದು ಮುಳ್ಳು ತಗುದ್ನಲ್ಲ?"

"ಹೂಂ."

"ಅದು ಅಲ್ಲೀದಾ?" ಅಂತ ಪರದೆಯ ಕಡೆ ಕೈ ತೋರಿಸಿದರು.

"ಅಲ್ಲೀದೇ."

ಅತ್ತೆ ಹಣೆ ಚಚ್ಚಿಕೊಂಡರು.

"ಚಂದ್ರಲೋಕದ ಮುಳ್ಳು ಅಂತ ಆಗ್ಲೇ ಯೋಳ್ಬಾರ್ದಾ? ಒಲೆಗೆ ಹಾಕ್‌ಬುಟ್ನಲ್ಲಾ!"